ನೇರಳೆ ಮುಲಾಮೂ ನನ್ನ ಅನುಮಾನವೂ

ತುಟಿ ಒಡೆದವನ ಕಣ್ಣಿಗೆ ಕಂಡ ಡಬ್ಬಿಯೆಲ್ಲ ಲಿಪ್ ಬಾಮ್. ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ಮೆಲ್ಬರ್ನಿನ ಕ್ರೇಗಿಬರ್ನ್‌ಗೆ, ಜುಲೈ ಚಳಿಯಲ್ಲಿ ಸೋದರಮಾವನ ಮನೆಗೆ ಬಂದಿಳಿದ ನಾನು, ಬಚ್ಚಲುಮನೆಯ ಕನ್ನಡಿಯ ಕೆಳಗಿದ್ದ ಪುಟ್ಟ ಡಬ್ಬಿಯಿಂದ ನೇರಳೆ ಬಣ್ಣದ ಮುಲಾಮನ್ನು ಧಾರಾಳವಾಗಿ ತುಟಿಗೆ ಬಳಿದುಕೊಂಡು, ಎಳ್ಳೆಣ್ಣೆಯ ಘಮಕ್ಕೆ ಮರುಳಾಗಿ ನಾಲಿಗೆಯನ್ನೂ ಒಂದು ಸುತ್ತು ಆಡಿಸಿ, ಕಾಫಿಗೆಂದು ಹೊರಬಂದೆ.

"ಅಯ್ಯೋ, ಅದು ನಿಮ್ಮಾವನ ಕಾಲಿನ ಹುಣ್ಣಿಂದು ಕಣೋ!" ಎಂದರು ಅತ್ತೆ.

ಜಪಾನಿನ ಹಳೆಯ ಔಷಧವಂತೆ, ಹೆಸರು ಶಿಉನ್‌ಕೋ. ನೇರಳೆ ಮೋಡದ ಮುಲಾಮು ಎಂದರ್ಥ. ಒಗ್ಗರಣೆ ಸಿಡಿದು ಅತ್ತೆಯ ಕೈ ಸುಟ್ಟಾಗ ವಾಕಿಂಗ್ ಗೆಳತಿಯಾದ ಜಪಾನಿ ಆಂಟಿ ಕೊಟ್ಟಿದ್ದರು. ಕೈ ವಾಸಿಯಾಯಿತು. ಅದನ್ನು ಕಂಡ ಮಾವ, ಶುಗರ್‌ನಿಂದಾಗಿ ಹೆಬ್ಬೆರಳ ಬುಡದಲ್ಲಿ ತಿಂಗಳುಗಟ್ಟಲೆ ಬಾಯಿ ಬಿಟ್ಟುಕೊಂಡಿದ್ದ ತಮ್ಮ ಹುಣ್ಣಿಗೂ ಅದೇ ಮೋಡ ಕವಿಸಿದರು. ಡಾಕ್ಟರ ಹತ್ತಿರ ಹೋದರೆ ಬೆರಳು ಕತ್ತರಿಸುತ್ತಾರೆಂಬ ಭಯ ಅವರಿಗೆ.

ನಾನಾದರೋ ನಾನೇ ಹೆಪ್ಪು ಹಾಕಿದ ಮೊಸರನ್ನೂ ಮೂಸಿ ತಿನ್ನುವವನು. ಅನುಮಾನ ನನ್ನ ಏಕೈಕ ಪ್ರತಿಭೆ. ಅದು ಪ್ರತಿಸಲವೂ ನುಂಗಿದ ಮೇಲೆಯೇ ಜಾಗೃತವಾಗುವುದು ಬೇರೆ ಮಾತು. ಡಬ್ಬಿಯ ಮೇಲಿನ ಇರುವೆಯಂಥ ಇಂಗ್ಲಿಷ್ ಅಕ್ಷರಗಳನ್ನು ಗಟ್ಟಿಯಾಗಿ ಓದಿದೆ. ಯಾವುದೋ ಬೇರುಗಳು, ಎಳ್ಳೆಣ್ಣೆ, ಜೇನುಮೇಣ, ಹಂದಿಯ ಕೊಬ್ಬು.

ಆಲೂಗಡ್ಡೆ ಚಿಪ್ಸ್ ಕೊಳ್ಳುವಾಗಲೂ ಯಾವ ಎಣ್ಣೆಯಲ್ಲಿ ಕರಿದದ್ದೆಂದು ಅಂಗಡಿಯವನಿಗೆ ಪಾಟೀಸವಾಲು ಹಾಕುವ ಮಾವ ಅವರು!

"ಮೆಲ್ಲಗೆ ಮಾತಾಡೋ," ಎಂದರು ಅತ್ತೆ. "ಅವರಿಗೆ ಗೊತ್ತಾದ್ರೆ ಕಾಲನ್ನೇ ಬಿಚ್ಚಿಡ್ತಾರೆ."

"ಏನೋ ಅದು ಪಿಸುಪಿಸು?" ಮಾವ ಬಾಗಿಲಲ್ಲೇ ನಿಂತಿದ್ದರು. ಹೇಳಲೇಬೇಕಾಯಿತು. ಅವರು ನನ್ನ ತುಟಿಯನ್ನು ದಿಟ್ಟಿಸಿದರು. "ನಾನು ಹಚ್ಕೊಂಡಿದೀನಿ ಅಷ್ಟೇ. ತಿಂದೋನು ನೀನು."

ಮಧ್ಯಾಹ್ನದವರೆಗೂ ಅದೇ ಚರ್ಚೆ. ಕಾಲಿಗೆ ಮೈಲಿಗೆಯೇ, ಔಷಧಕ್ಕೆ ವಿನಾಯಿತಿಯೇ, ದೇವರ ಕೋಣೆಗೆ ಹೋಗಬಹುದೇ? ನೀವೇ ಹೇಳಿ, ಮಡಿಯ ಮಾತು ಬಂದರೆ ನಮ್ಮಲ್ಲಿ ಯಾರಿಗೆ ತಾನೆ ಹುಣ್ಣು ಕಾಣುತ್ತದೆ? ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ ನಾವು ಪಾದವನ್ನು ಒಮ್ಮೆಯೂ ತಿರುಗಿಸಿ ನೋಡಲಿಲ್ಲ.

ಕೊನೆಗೆ ಮಾವ ತೀರ್ಪು ಕೊಟ್ಟರು: "ಒಂದು ಚೂರೂ ನೋವಿಲ್ಲ ನೋಡು. ಇದಕ್ಕಿಂತ ಪ್ರೂಫ್ ಬೇಕಾ?" ಎಂದು ಹುಣ್ಣಿದ್ದ ಕಾಲನ್ನೇ ನೆಲಕ್ಕೆ ಕುಟ್ಟಿ ತೋರಿಸಿದರು.

ಆಗ ಅನುಮಾನ ಮೊದಲ ಸಲ ಸರಿಯಾದ ವಿಳಾಸಕ್ಕೆ ಹೋಯಿತು. ನನ್ನ ತುಟಿಯ ಕೂದಲೆಳೆಯಷ್ಟು ಬಿರುಕಿಗೆ ಕಾಫಿ ತಾಗಿದರೆ ಜೀವ ಹೋಗುತ್ತಿತ್ತು. ಬಟಾಣಿ ಕೂರುವಷ್ಟು ಹುಣ್ಣು ಹೊತ್ತವರು ನೆಲ ಕುಟ್ಟುತ್ತಿದ್ದರು. ನೋವಿಲ್ಲವೆಂದರೆ ವಾಸಿಯಾಗಿದೆಯೆಂದೋ, ಅಥವಾ ನೋವನ್ನು ಹೇಳುವ ನರವೇ ಬಾಯಿ ಮುಚ್ಚಿದೆಯೆಂದೋ?

"ಹಾಗಾದ್ರೆ ಮುಲಾಮು ಗೆದ್ದಿದೆ ಅಂತ ಡಾಕ್ಟರ್ ಬಾಯಲ್ಲೇ ಹೇಳಿಸೋಣ ಬನ್ನಿ ಮಾವ," ಎಂದೆ. ಹೆಮ್ಮೆಗೆ ಸೋತು ಹೊರಟರು.

ಡಾಕ್ಟರಮ್ಮ ರೋಗಿ ನಾನೇ ಇರಬೇಕೆಂದು ಮೊದಲು ನನ್ನ ತುಟಿ ನೋಡಿದರು. ಆಮೇಲೆ ಮಾವನ ಪಾದದ ಬಣ್ಣ ತೊಳೆದರು. ನೇರಳೆಯ ಕೆಳಗೆ ಅಡಗಿದ್ದ ಕೆಂಪು ಬೆರಳ ಸುತ್ತಲೂ ಹರಡಿತ್ತು. ಸಣ್ಣ ಸುಟ್ಟಗಾಯಕ್ಕೆ ಮುಲಾಮು ಸರಿ, ಇಂಥ ಹುಣ್ಣಿಗಲ್ಲ. ಬೆರಳು ಉಳಿಸಲು ಇನ್ನೂ ಸಮಯವಿದೆ, ಆದರೆ ಇನ್ನು ಮುಂದೆ ಈ ಕಾಲಿನ ಮೇಲೆ ಭಾರ ಹಾಕುವಂತಿಲ್ಲ ಎಂದರು. ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡಲು ಒಂದು ನೈಲಾನ್ ಎಳೆ ತೆಗೆದು, ಮಾವ ಕಣ್ಣು ಮುಚ್ಚಿಕೊಂಡು, ಅದು ಮುಟ್ಟಿದಾಗ 'ಯೆಸ್' ಅನ್ನಬೇಕೆಂದರು.

ಮಾವ ಪರೀಕ್ಷೆಗೆ ಕೂತ ಹುಡುಗನಂತೆ ಬೆನ್ನು ನೆಟ್ಟಗೆ ಮಾಡಿ ಕಣ್ಣು ಮುಚ್ಚಿದರು. ಎಳೆ ಹೆಬ್ಬೆರಳಿಗೆ ಒತ್ತಿ ಬಾಗಿತು. ಹುಣ್ಣಿನ ಪಕ್ಕ ಬಾಗಿತು. ಹಿಮ್ಮಡಿಯಲ್ಲೂ ಬಾಗಿತು. ಬದುಕಿನಲ್ಲಿ ಎಲ್ಲವನ್ನೂ ಅನುಮಾನಿಸಿದವನು ನಾನು. ಆ ಗಳಿಗೆಯಲ್ಲಿ ನನ್ನ ಕಣ್ಣನ್ನೇ ಅನುಮಾನಿಸಲು ಹೊರಟು ಸೋತೆ.

"ಏನೋ, ಇನ್ನೂ ಶುರು ಮಾಡಿಲ್ವಾ ಇವ್ರು?" ಎಂದರು ಮಾವ.

ನಾನು ಅವರ ಕೈ ಹಿಡಿದುಕೊಂಡೆ.

"ಬಿಡೋ, ಭಯ ನಿಂಗೋ ನಂಗೋ?" ಎಂದು ನಕ್ಕರು, ಕಣ್ಣು ಮುಚ್ಚಿಕೊಂಡೇ.