ಮನೆ ಚೀಟಿ ಎತ್ತಿದ ಕೈ

ಇಡೀ ಜಗಳೂರಿನಲ್ಲಿ ನನ್ನ ಬಲಗೈಗೆ ಇದ್ದಷ್ಟು ಹೆಸರು ನನ್ನ ಮುಖಕ್ಕೂ ಇರಲಿಲ್ಲ. ಖಾಸಗಿ ಬಸ್ಸಿನ ಕಂಡಕ್ಟರ್ ಆಗಿ ಆಯುಷ್ಯ ಸವೆಸಿದವನು ನಾನು. ಪ್ರಯಾಣಿಕನ ಕೈಯಿಂದ ನಾಣ್ಯ ಇಸಿದುಕೊಂಡು, ಅವನ ಕಣ್ಣೆದುರೇ ಮಾಯ ಮಾಡಿ, ಹಿಂದಿನ ಸೀಟಿನ ಮುದುಕಿಯ ಎಲೆಅಡಿಕೆ ಚೀಲದಿಂದ ತೆಗೆಯುತ್ತಿದ್ದೆ. ಹೊನ್ನಾಳಿ, ನ್ಯಾಮತಿ ಕಡೆಯ ಮದುವೆಗಳಿಗೆ ನನ್ನನ್ನು ಕರೆಯುತ್ತಿದ್ದುದೇ ಮದುಮಗನ ಉಂಗುರ ಎಗರಿಸಿ ಬೀಗರ ಪೇಟದೊಳಗಿಂದ ತೆಗೆಯಲಿ ಎಂದು. ಚನ್ನಗಿರಿಯಲ್ಲಿ ಒಬ್ಬ ಪೊಲೀಸಪ್ಪನ ಸೀಟಿಯನ್ನು ಅವನ ಕೊರಳಿನಿಂದಲೇ ತೆಗೆದಿದ್ದೇನೆ. ಸುಳ್ಳು ಅನ್ನಿಸಿದರೆ ಹೋಗಿ ಕೇಳಿ, ಪಾಪ, ಇನ್ನೂ ಹುಡುಕುತ್ತಿರಬೇಕು.

ಅಂಥ ಕೈಯನ್ನು ಇಟ್ಟುಕೊಂಡು ನಾನು ಹೆದರಿದ್ದನ್ನು ಹೇಳಬೇಕಾಗಿದೆ. ಅನ್ನ ಸೇರದಂತೆ, ಬಾಗಿಲು ಬಡಿದರೆ ಬೆಚ್ಚುವಂತೆ ಹೆದರಿದ್ದೆ.

ನಮ್ಮ ಪಟ್ಟಣದಲ್ಲಿ ಮನೆಯಿಲ್ಲದವರ ಸಲುವಾಗಿ ಒಂದು ಸಲಹಾ ಸಮಿತಿ ಇದೆ. ಅದಕ್ಕೆ ಮನೆ ಕಟ್ಟುವ ಅಧಿಕಾರವಿಲ್ಲ, ಕೊಡುವ ಅಧಿಕಾರವೂ ಇಲ್ಲ. ಯಾರಿಗೆ ಮೊದಲು ಕೊಡಬೇಕು, ರಾತ್ರಿ ತಂಗುವ ಆಶ್ರಯ ಕೇಂದ್ರದಲ್ಲಿ ಏನು ಕೊರತೆ ಎಂದು ನಾವು ಹೇಳಬಹುದು. ಅಧಿಕಾರಿಗಳು ಕೇಳಬಹುದು, ಆಕಳಿಸಲೂಬಹುದು. ಅಧ್ಯಕ್ಷೆಯಾಗಿದ್ದವರು ನಿವೃತ್ತ ನರ್ಸಮ್ಮ. ಬಸ್ ನಿಲ್ದಾಣದಲ್ಲಿ, ಸಂತೆಕಟ್ಟೆಯಲ್ಲಿ ಮಲಗುವವರೆಲ್ಲ ಇವನಿಗೆ ಗೊತ್ತು ಎಂದು ಅವರೇ ನನ್ನನ್ನು ಸೇರಿಸಿದ್ದರು. ನನ್ನಿಂದಲೇ ಸಮಿತಿಗೆ ಕಳೆ ಬಂತು ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಊರ ಹೊರಗೆ ಬಡವರಿಗಾಗಿ ಕಟ್ಟುತ್ತಿದ್ದ ಮನೆಗಳು ಮುಗಿಯುತ್ತ ಬಂದಿದ್ದವು. ಮನೆ ಕಡಿಮೆ, ಅರ್ಜಿ ಜಾಸ್ತಿ. ಎಲ್ಲರ ಹೆಸರನ್ನೂ ಒಂದೇ ಕೊಡಕ್ಕೆ ಹಾಕಿ ಚೀಟಿ ಎತ್ತಿಬಿಡೋಣ ಎಂದರು ಪಟ್ಟಣ ಪಂಚಾಯಿತಿಯ ಮುಖ್ಯಾಧಿಕಾರಿ. ಬಾಡಿಗೆ ಮನೆಯಲ್ಲಿ ಫ್ಯಾನ್ ಹಾಕಿಕೊಂಡು ಮಲಗುವವರೂ, ಸಂತೆಕಟ್ಟೆಯ ಕಲ್ಲಿನ ಮೇಲೆ ಮಲಗುವವರೂ ಒಂದೇ ಕೊಡದಲ್ಲಿ. ಆಗಲ್ಲ ಎಂದು ನರ್ಸಮ್ಮ ಎರಡು ಸಭೆ ವಾದ ಮಾಡಿದರು. ಮೂರನೇ ಸಭೆಗೆ ನಾನು ಎಲ್ಲರಿಗಿಂತ ಮೊದಲೇ ಹೋಗಿ, ಕುರ್ಚಿಗಳನ್ನೆಲ್ಲ ಹಿಂದಿನ ಕೋಣೆಗೆ ಸಾಗಿಸಿ ಬೀಗ ಜಡಿದೆ. ಒಂದೇ ಒಂದನ್ನು ಉಳಿಸಿದೆ.

"ಏನ್ರೀ ಇದು, ಕುರ್ಚಿ ಎಲ್ಲಿ ಹೋದ್ವು?" ಎಂದರು ಮುಖ್ಯಾಧಿಕಾರಿ.

"ಒಂದೈತಲ್ಲ ಸಾರ್. ಯಾರು ಕೂತ್ಕಾಬೇಕು, ನೀವೇ ಹೇಳ್ರಿ."

"ಅಮ್ಮೋರು ಕೂತ್ಕೊಳ್ಳಲಿ. ಅವರಿಗೆ ಮೊಣಕಾಲು ನೋವು."

"ಅದೆಂಗಾಗ್ತೈತೆ ಸಾರ್? ನ್ಯಾಯ ಅಂದ್ರೆ ನ್ಯಾಯ. ಎಲ್ಲಾರ ಹೆಸರು ಕೊಡಕ್ಕೆ ಹಾಕಾಣ. ನಿಮ್ಮ ಚೀಟಿ ಬಂದ್ರೆ ನೀವು ಕೂತ್ಕಳ್ರಿ, ಅಮ್ಮೋರು ಕಾಲು ಹಿಡ್ಕಂಡು ನಿಂತಿರ್ಲಿ."

ಮೊದಲು ನಕ್ಕವರು ನರ್ಸಮ್ಮ. ಕೊನೆಗೆ ನಕ್ಕವರು ಮುಖ್ಯಾಧಿಕಾರಿ, ಅದೂ ಅರ್ಧ. ಎರಡು ಕೊಡ ಎಂದು ತೀರ್ಮಾನವಾಯಿತು. ತಲೆಯ ಮೇಲೆ ಸೂರೇ ಇಲ್ಲದವರ ಕೊಡ ಮೊದಲು, ಅವರಿಗೆಂದು ಒಂದಿಷ್ಟು ಮನೆ, ಉಳಿದವರದು ಆಮೇಲೆ. ನಾನು ಮೀಸೆ ತೀಡುತ್ತಿರುವಾಗಲೇ ಮುಖ್ಯಾಧಿಕಾರಿ ಹೇಳಿದರು: "ಚೀಟಿ ಎತ್ತಾಕೂ ನಮ್ಮ ಕಂಡಕ್ಟ್ರೇ ಸರಿ. ಅಂಥ ಕೈ ಊರಾಗೆ ಇನ್ಯಾವುದೈತೆ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಗಿ ನಮಸ್ಕಾರ ಮಾಡಿದೆ. ಮಾಡಿದ ಕೂಡಲೇ ಬಲಗೈಯನ್ನು ಜೇಬಿಗೆ ಸೇರಿಸಿದೆ.

ಯಾಕೆಂದರೆ ಆ ಕೈ ನಡುಗಲು ಶುರುವಾಗಿ ಬಹಳ ದಿನವಾಗಿತ್ತು. ನ್ಯಾಮತಿಯ ಒಂದು ಮದುವೆಯಲ್ಲಿ ಉಂಗುರ ಬೆರಳಿನಿಂದ ಜಾರಿ ಸಾಂಬಾರಿನ ಬಕೆಟ್ಟಿಗೆ ಬಿತ್ತು. ಬೇಕೆಂದೇ ಹಾಕಿದವನಂತೆ ನಗಿಸಿ ತಪ್ಪಿಸಿಕೊಂಡೆ. ಆಮೇಲೆ ಯಾವ ಮದುವೆಗೂ ಹೋಗಲಿಲ್ಲ. ಬಲಗೈ ಯಾವಾಗಲೂ ಜೇಬಿನಲ್ಲಿ. ಅದೊಂದು ಸ್ಟೈಲು ಎಂದು ಜನ ಅಂದುಕೊಂಡಿದ್ದರು, ನಾನೂ ಹಾಗೇ ಬಿಟ್ಟಿದ್ದೆ.

ಚೀಟಿ ಎತ್ತುವವನು ನಾನು ಎಂದು ಸುದ್ದಿಯಾದ ಎರಡು ದಿನಕ್ಕೆ ಖಾನಾವಳಿಯಲ್ಲಿ ಪಾತ್ರೆ ತಿಕ್ಕುವ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಳು. ಬಿಳಿಚೋಡಿನ ಕಡೆಯವಳು. ಗಂಡ ತೀರಿಕೊಂಡ ಮೇಲೆ, ಹೈಸ್ಕೂಲಿಗೆ ಹೋಗುವ ಮಗಳನ್ನು ಕಟ್ಟಿಕೊಂಡು ಸಂತೆಕಟ್ಟೆಯ ಮೂಲೆಯಲ್ಲಿ ಮಲಗುತ್ತಿದ್ದಳು. ಆಶ್ರಯ ಕೇಂದ್ರದಲ್ಲಿ ಇರುವುದು ಒಂದೇ ದೊಡ್ಡ ಕೋಣೆ, ಅದರ ತುಂಬ ಗಂಡಸರು. ಹೆಂಗಸರಿಗೆ ಬೇರೆ ಕೋಣೆ ಬೇಕೆಂದು ಸಮಿತಿ ಕೇಳಿತ್ತು, ಆ ಪತ್ರ ಇನ್ನೂ ಮೇಜಿನಿಂದ ಮೇಜಿಗೆ ನಡೆಯುತ್ತಿತ್ತು.

"ಅಜ್ಜಾ, ನನ್ನ ಚೀಟಿ ಬರಂಗೆ ಮಾಡ್ರಿ. ನಿಮಗೇನು ದೊಡ್ಡ ಕೆಲಸ ಅಲ್ಲ."

"ಯಾಕವ್ವ, ಅಷ್ಟು ಅವಸರ?"

"ಮಗಳು ಮಲಗ್ತಾಳೆ, ನಾನು ಕೂತಿರ್ತೀನಿ. ಮೊನ್ನೆ ಯಾವನೋ ಬಂದು ಪಕ್ಕದಾಗೇ ಕೂತು ಬೀಡಿ ಹಚ್ಚಿದ. ಮಾತಿಲ್ಲ, ಕತೆ ಇಲ್ಲ. ಬೆಳಕು ಹರಿಯೋವರೆಗೂ ಮಗಳನ್ನೇ ನೋಡ್ತಾ ಕೂತಿದ್ದ. ನಿನ್ನೇನೂ ಬಂದಿದ್ದ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾನು ಎಷ್ಟು ದಿನ ಎಚ್ಚರ ಇರಾಕೆ ಆಗ್ತೈತೆ, ಹೇಳ್ರಿ."

ನನ್ನ ಕೈಲಿ ಆಗಲ್ಲ ಕಣವ್ವ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಹಾಳು ಅಭ್ಯಾಸ, ಎಡಗಣ್ಣು ತಾನಾಗಿಯೇ ಮಿಟುಕಿತು. "ನೋಡಾಣ ಬಿಡು. ಈ ಕೈ ಯಾರದು ಅಂತ ತಿಳಕಂಡೀಯ?"

ಅವಳು ನಗುತ್ತ ಹೋದಳು. ನನ್ನ ಆ ಕಣ್ಣನ್ನು ಕಿತ್ತು ಹಾಕಬೇಕಿತ್ತು. ಮಗಳು ಶಾಲೆಯಲ್ಲಿ, ನಮಗೆ ಮನೆ ಬರುತ್ತದೆ ಎಂದು ಗೆಳತಿಯರಿಗೆ ಹೇಳಿದಳು. ಗೆಳತಿಯರು ಮನೆಯಲ್ಲಿ ಹೇಳಿದರು. ವಾರ ಕಳೆಯುವುದರೊಳಗೆ ಸೈಟು ವ್ಯಾಪಾರ ಮಾಡುವ ಒಬ್ಬ ಮನುಷ್ಯ ನನ್ನ ಮನೆಯ ಕಟ್ಟೆಯ ಮೇಲೆ ಬಂದು ಕೂತ. ಎರಡನೇ ಕೊಡದಲ್ಲಿ ಅವನ ಕಡೆಯವರು ಸುಮಾರು ಜನ ಇದ್ದರು. ಮೊದಲನೇ ಕೊಡಕ್ಕೆ ಮನೆಗಳು ಹೋದದ್ದನ್ನು ಅವನು ಸಹಿಸಿರಲಿಲ್ಲ.

"ಯಜಮಾನ್ರೇ, ಆ ಪಾತ್ರೆ ತಿಕ್ಕೋಳ ಹೆಸರು ಬರ್ಲಿ, ಅಲ್ಲೇ ಎದ್ದು ನಿಂತ್ಕಂತೀನಿ. ಮೋಸ ಅಂತ ಬರಕೊಡಾಕೆ ಜನ ತಯಾರಿದಾರೆ. ಇಡೀ ಚೀಟಿನೇ ರದ್ದಾಗ್ತೈತೆ. ಸಂತೆಕಟ್ಟೆಯೋರಿಗೂ ಮನೆ ಇಲ್ಲ, ಯಾರಿಗೂ ಇಲ್ಲ." ಹಾಗೆನ್ನುತ್ತ ನನ್ನ ಅಂಗಿಯ ಕಾಲರನ್ನು ನಿಧಾನವಾಗಿ ಸರಿಮಾಡಿದ, ಮದುಮಗನಿಗೆ ಮಾಡಿದ ಹಾಗೆ. "ವಯಸ್ಸಾಗೈತೆ. ಹುಷಾರಾಗಿರ್ರಿ."

ಅವನು ಹೋದ ಮೇಲೆ ಕಾಲರು ಮುಟ್ಟಿಕೊಳ್ಳಲೂ ನನಗೆ ಧೈರ್ಯವಾಗಲಿಲ್ಲ. ಅವಳ ಚೀಟಿ ಬರದಿದ್ದರೆ ಆ ಹುಡುಗಿ ಸಂತೆಕಟ್ಟೆಯಲ್ಲಿ, ಪಕ್ಕದಲ್ಲಿ ಆ ಬೀಡಿಯವನು. ಬಂದರೆ ಎಲ್ಲರ ಮನೆಗೂ ಕಲ್ಲು.

ಹಾಸಿಗೆ ಹೊಲಿಯುವ ನನ್ನ ಹಳೇ ದೋಸ್ತ್ ಒಬ್ಬ ಸಾಬಣ್ಣ ಇದ್ದಾನೆ. ಕೈ ವಿಚಾರ ಗೊತ್ತಿದ್ದುದು ಅವನೊಬ್ಬನಿಗೇ. "ಹೇಳಿಬಿಡೋ ಮಾರಾಯ ನರ್ಸಮ್ಮಗೆ," ಎಂದ. "ನನಗೆ ಕೈ ಅಲ್ಲಾಡ್ತೈತೆ, ಬ್ಯಾರೆಯೋರ್ನ ನೋಡ್ಕಳ್ರಿ ಅಂತ. ಅದರಾಗೆ ಮರ್ಯಾದಿ ಹೋಗಾದೇನೈತೆ?"

"ನಿನಗೇನು ಗೊತ್ತು ಮರ್ಯಾದಿ? ನಿನ್ನ ಮರ್ಯಾದಿ ಎಲ್ಲಾ ಹತ್ತಿ ಒಳಗೈತೆ."

"ನಿಂದು ಜೇಬಿನಾಗೈತೆ, ಹೊರಗೆ ತೆಗೀ," ಎಂದು ಸೂಜಿಗೆ ದಾರ ಪೋಣಿಸುತ್ತ ಕೂತ.

ಮಾರನೆಯ ದಿನ ನರ್ಸಮ್ಮನ ಮನೆಗೆ ಹೋದೆ. ಚೀಟಿ ಎತ್ತಾಕೆ ನಾನು ಬ್ಯಾಡ ಎಂದೆ. ಅವರು ಕನ್ನಡಕ ಇಳಿಸಿ ನೋಡಿದರು. "ಯಾಕ್ರೀ, ಹೆದರಿಕೆನಾ? ನಿಮಗೆ?"

"ನನಗಾ? ಹೆದರಿಕೆನಾ?" ಎಂದೆ. ಅಷ್ಟೇ ಹೇಳಿ ಎದ್ದು ಬಂದೆ. ಅರ್ಧ ದಾರಿಯಲ್ಲಿ ನಿಂತು ನನ್ನನ್ನು ನಾನೇ ಚೆನ್ನಾಗಿ ಬೈದುಕೊಂಡೆ.

ಚೀಟಿ ಎತ್ತುವ ದಿನ ಶಾಮಿಯಾನ ಹಾಕಿದ್ದರು. ನಮ್ಮೂರ ಗಾಳಿ ಶಾಮಿಯಾನವನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಒಳಗಿರುವುದು ಕಾಣಲಿ ಎಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗಳನ್ನೇ ತಂದಿದ್ದರು. ಆದರೂ ಎಲ್ಲರೂ ಅವನ್ನು ಕೊಡ ಎಂದೇ ಕರೆದರು. ನಾನು ಅಂಗಿಯ ತೋಳನ್ನು ಮೊಣಕೈ ಮೇಲಕ್ಕೆ ಮಡಚಿದೆ. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಮೊದಲ ಚೀಟಿ ಎತ್ತಿದೆ. ಪೂಜೆಯಂತೆ ಭಕ್ತಿಯಿಂದ ಎತ್ತುತ್ತಿದ್ದಾನೆ ಎಂದು ಯಾರೋ ಮೆಚ್ಚಿಕೊಂಡರು. ನರ್ಸಮ್ಮ ಮೈಕಿನಲ್ಲಿ ಹೆಸರು ಓದಿದರು. ಅವಳದಲ್ಲ. ಉಸಿರು ಬಿಟ್ಟೆ. ಎರಡನೆಯದೂ ಅವಳದಲ್ಲ. ಮತ್ತೆ ಉಸಿರು ಬಿಟ್ಟೆ, ಆದರೆ ಮುಂದಿನ ಸಾಲಿನಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತಿದ್ದ ಆ ಹುಡುಗಿಯ ಮುಖ ಕಂಡಿತು. ಪ್ರತಿ ಹೆಸರಿಗೂ ಆ ಮುಖ ಸಣ್ಣದಾಗುತ್ತಿತ್ತು. ಹೀಗೇ ನಡೆಯಿತು. ಮೊದಲನೇ ಕೊಡದ ಪಾಲಿಗೆ ಉಳಿದದ್ದು ಒಂದು ಮನೆ.

ಎತ್ತಿದೆ. ನರ್ಸಮ್ಮ ಓದಿದರು. ಅವಳ ಹೆಸರು.

ಅವಳು ಕೂಗಲಿಲ್ಲ, ಅಳಲಿಲ್ಲ. ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿ, ನಮ್ಮಿಬ್ಬರಿಗೇ ಗೊತ್ತಿರುವ ಗುಟ್ಟಿನ ಹಾಗೆ ನಕ್ಕಳು. ಅಷ್ಟೇ ಸಾಕಾಗಿತ್ತು.

"ನೋಡ್ರಪ್ಪೋ!" ಸೈಟಿನವನು ಎದ್ದ. "ಕೈ ಮುಗೀತಾಳೆ ನೋಡ್ರಿ! ಇಡೀ ಊರಿಗೆ ಗೊತ್ತು ಇವನ ಕೈಚಳಕ. ಮೊದ್ಲೇ ಮಾತಾಗಿತ್ತು. ರದ್ದು ಮಾಡ್ರಿ!"

ಅವನ ಹಿಂದೆ ಐದಾರು ಜನ ಎದ್ದರು. ಕುರ್ಚಿಗಳು ಉರುಳಿದವು. ಮುಖ್ಯಾಧಿಕಾರಿ ಅಂಗೈಯಿಂದ ಮೈಕು ಮುಚ್ಚಿ, "ನಿಲ್ಲಿಸಿಬಿಡೋಣ್ವಾ ಅಮ್ಮಾ?" ಎಂದದ್ದು ನನಗೆ ಕೇಳಿಸಿತು. ಹುಡುಗಿ ತಾಯಿಯ ಸೆರಗು ಹಿಡಿದುಕೊಂಡಳು. ಏನಾದರೂ ದೊಡ್ಡ ಮಾತಾಡೋಣ ಎಂದು ನರ್ಸಮ್ಮನ ಕೈಯಿಂದ ಚೀಟಿ ತೆಗೆದುಕೊಂಡು ಮೈಕಿನ ಮುಂದೆ ನಿಂತೆ. ಮಾತು ಬರಲಿಲ್ಲ. ಬಂದದ್ದು ಸದ್ದು. ಪಟಪಟಪಟ. ಬಲಗೈಯಲ್ಲಿದ್ದ ಚೀಟಿ ಮೈಕಿಗೆ ಹತ್ತಿರವಾಗಿ, ಎರಡೂ ಸ್ಪೀಕರಿನಲ್ಲಿ ಕೋಳಿ ರೆಕ್ಕೆ ಬಡಿದಂತೆ ಕೇಳುತ್ತಿತ್ತು. ಜನ ಮೊದಲು ಸ್ಪೀಕರು ನೋಡಿದರು. ಆಮೇಲೆ ನನ್ನ ಕೈ ನೋಡಿದರು.

ಕೆಳಗಿಳಿಸಿ ಜೇಬಿಗೆ ಹಾಕಬೇಕು ಅನ್ನಿಸಿತು. ಹಾಕಲಿಲ್ಲ.

"ಕೇಳಿಸ್ತೈತಾ? ಇದು ನನ್ನ ಕೈ ಕಣ್ರಪ್ಪಾ. ಒಂದು ಚೀಟಿ ಹಿಡ್ಕಂಡು ನಿಲ್ಲಾಕೆ ಆಗ್ತಿಲ್ಲ. ಬದಲಾಯಿಸಾಕೆ ಎಲ್ಲಿಂದ ಆಗ್ತೈತೆ?"

"ನಾಟಕ!" ಎಂದ ಸೈಟಿನವನು. ಜೇಬಿನಿಂದ ನಾಣ್ಯ ತೆಗೆದು ವೇದಿಕೆಯ ಮೇಲೆ ಎಸೆದ. "ಮಾಯ ಮಾಡು ನೋಡಾಣ."

ಎತ್ತಿಕೊಂಡೆ. ಈ ಮಾತು ಹೇಳಲು ನಾಚಿಕೆಯಾಗುತ್ತದೆ: ನಾನು ಮನಸ್ಸಿಟ್ಟು ಪ್ರಯತ್ನಿಸಿದೆ. ಮಾಯವಾದರೆ ಅವಳ ಮನೆಯೂ ಮಾಯ ಎಂದು ಗೊತ್ತಿದ್ದೂ, ಅಷ್ಟು ಜನರ ಮುಂದೆ ಸೋಲಲು ಆ ಹಾಳು ಬೆರಳುಗಳು ಒಪ್ಪಲಿಲ್ಲ. ನಾಣ್ಯ ಬೆರಳಿನ ಸಂದಿಗೆ ಬಂತು, ಹೊರಳಿತು, ಒಂದು ಕ್ಷಣ ನಿಂತೇಬಿಟ್ಟಿತು. ಆಮೇಲೆ ಠಣ್ ಎಂದು ಬಿದ್ದು, ಉರುಳಿಕೊಂಡು ನರ್ಸಮ್ಮನ ಚಪ್ಪಲಿಯ ಹತ್ತಿರ ಮಲಗಿತು.

"ಪಾಪ, ಮುದುಕ," ಎಂದಿತು ಒಂದು ದನಿ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಪಾಪ ಎಂದಿರಲಿಲ್ಲ.

ಹಿಂದಿನಿಂದ ಒಬ್ಬ ಹೆಂಗಸು ಗದರಿದಳು: "ಏಯ್, ಕೂತ್ಕಳಪ್ಪಾ ಸಾಕು! ನಮ್ಮ ಕೊಡ ಯಾವಾಗ ಎತ್ತಾದು? ಬಿಸಿಲಾಗೆ ಸಾಯ್ತಾ ಇದೀವಿ." ಎರಡನೇ ಕೊಡದವರೆಲ್ಲ ಅವಳ ಜೊತೆಗೆ ಕೂಗಿದರು. ತಮ್ಮ ಚೀಟಿಗೆ ಕಾದು ಕೂತಿದ್ದವರಿಗೆ ರದ್ದಾಗುವುದು ಬೇಕಿರಲಿಲ್ಲ. ಸೈಟಿನವನ ಹಿಂದೆ ಎದ್ದವರು ಒಬ್ಬೊಬ್ಬರಾಗಿ ಕುರ್ಚಿ ಎತ್ತಿಕೊಂಡು ಕೂತರು. ಎರಡನೇ ಕೊಡದ ಚೀಟಿಗಳನ್ನು ನರ್ಸಮ್ಮನೇ ಎತ್ತಿದರು.

ಬೀಗದ ಕೈ ಕೊಟ್ಟ ಮೇಲೆ ಆ ತಾಯಿ ಹಾಲು ಉಕ್ಕಿಸಲು ಕರೆದಳು. ಒಂದು ಕೋಣೆ, ಸಣ್ಣ ಅಡಿಗೆಮನೆ, ಇನ್ನೂ ಸುಣ್ಣದ ವಾಸನೆ. ಬಾಗಿಲಿಗೆ ಚಿಲಕವಿತ್ತು. ಅದರ ಮೇಲೆ ಹಗ್ಗ ಸುತ್ತಿ, ಕಿಟಕಿಯ ಸರಳಿಗೆ ಎಳೆದು ಕಟ್ಟುವ ವ್ಯವಸ್ಥೆಯನ್ನೂ ಮಾಡಿಕೊಂಡಿದ್ದಳು.

"ಚಿಲಕ ಐತಲ್ಲವ್ವ, ಹಗ್ಗ ಯಾಕೆ?"

ಅವಳು ಮಗಳನ್ನು ನೀರು ತರಲು ಕಳಿಸಿದಳು. ಆಮೇಲೆ ದನಿ ತಗ್ಗಿಸಿದಳು. "ಅವಳು ಮಲಗ್ತಾಳೆ ಅಜ್ಜಾ, ಹೊಡೆದ್ರೂ ಏಳಲ್ಲ. ನನಗೇ ನಿದ್ದಿ ಬರಲ್ಲ. ನೀವು ಕೈಚಳಕ ಮಾಡಿ ಕೊಡಿಸಿದ ಮನೆ. ಯಾವತ್ತಾದ್ರೂ ಗೊತ್ತಾಗಿ ಬಂದು ಹೊರಗೆ ಹಾಕಿದ್ರೆ?"

ಇವಳು ಇನ್ನೂ ನಂಬಿದ್ದಳು. ಅಂದು ಕೈ ನಡುಗಿದ್ದನ್ನು, ನಾಣ್ಯ ಬಿದ್ದದ್ದನ್ನು ನಾನೇ ಆಡಿದ ಆಟ ಎಂದುಕೊಂಡಿದ್ದಳು. ಊರಿನಲ್ಲಿ ನನ್ನ ಕೈಯನ್ನು ಇನ್ನೂ ದೊಡ್ಡದು ಎಂದು ತಿಳಿದಿದ್ದ ಕೊನೆಯ ಜೀವ. ಇನ್ನೊಂದು ಸಲ ಕಣ್ಣು ಮಿಟುಕಿಸಲು ಎಷ್ಟು ಆಸೆಯಾಯಿತೋ.

ಬಲಗೈ ಮುಂದೆ ಚಾಚಿದೆ. "ಹಿಡ್ಕ," ಎಂದೆ.

ಹಿಂಜರಿಯುತ್ತ ಮಣಿಕಟ್ಟು ಹಿಡಿದಳು. ಪಾತ್ರೆ ತಿಕ್ಕಿ ಒರಟಾದ ಬೆರಳುಗಳು. ಹಿಡಿದೇ ಇದ್ದಳು. ನಡುಕ ನಿಲ್ಲುತ್ತದೇನೋ ಎಂದು ಕಾಯುತ್ತಿದ್ದಳು. ನಿಲ್ಲಲಿಲ್ಲ.

"ಮೋಸ ಮಾಡಾಕೆ ನನ್ನ ಕೈಲಿ ಆಗಲ್ಲವ್ವ. ನಿನ್ನ ಚೀಟಿ ಅದರ ಪಾಡಿಗೆ ಅದು ಬಂತು."

"ಹಂಗಾದ್ರೆ..." ಗೋಡೆ ನೋಡಿದಳು, ಸೂರು ನೋಡಿದಳು. "ಇದು ನಮ್ದೇ."

"ನಿಮ್ದೇ."

ನನ್ನ ಕೈ ಬಿಟ್ಟು ಎದ್ದು, ಬಾಗಿಲ ಹತ್ತಿರ ಹೋಗಿ ಹಗ್ಗದ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿ ಹಾಕಿದ್ದ ಗಂಟು, ಹಲ್ಲು ಹಚ್ಚಬೇಕಾಯಿತು.