ಲಾರಿ ದಾಟುವಾಗ ಸೊರಗಿದ ಟರ್ಬೊ

ಇವತ್ತು ಬಸ್ಸಿನಡಿ ಸಿಗಬೇಕಾದವರು ಉಳಿದುಕೊಂಡೆವು, ಗೆಳೆಯರೇ.

ನಮ್ಮ ಟರ್ಬೊ ಕಾರು ಆಕ್ಸಿಲರೇಟರ್ ಒತ್ತಿದರೂ ತಡವರಿಸುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ ಎಂದು ನಾನು ಬಹಳ ದಿನಗಳಿಂದ ಹೇಳುತ್ತಲೇ ಇದ್ದೆ. ಬೆಳಿಗ್ಗೆ ರಾಯಚೂರಿನಿಂದ ಮಾನ್ವಿಗೆ ಹೊರಟಾಗ ನನ್ನ ಗಂಡ, "ನಿನಗ ಗೇರ್ ಹಾಕಾಕ ಬರಂಗಿಲ್ಲ, ಸರಿ ಅತ್ತಾಗ" ಎಂದು ತಾವೇ ಸ್ಟೇರಿಂಗ್ ಹಿಡಿದರು.

ದಾರಿಯಲ್ಲಿ ಭತ್ತದ ಲಾರಿಯೊಂದನ್ನು ದಾಟಲು ಬಲಕ್ಕೆ ಬಂದರು. ಅರ್ಧ ದಾಟುವಷ್ಟರಲ್ಲಿ ಕಾರಿನ ಶಕ್ತಿಯೇ ಉಡುಗಿತು. ಎದುರಿಗೆ ಬಸ್ಸು! "ಯವ್ವಾ!" ಎಂದು ಚೀರಿ, ಬ್ರೇಕ್ ಒತ್ತಿ, ಹೇಗೋ ಲಾರಿಯ ಹಿಂದಕ್ಕೆ ಸರಿದರು. ಬಸ್ಸು ನಮ್ಮ ಬಲಗಡೆಯ ಕನ್ನಡಿಯನ್ನು ಕಿತ್ತುಕೊಂಡೇ ಹೋಯಿತು. ಅಲ್ಲಿಂದ ನಿಧಾನಕ್ಕೆ ಮಾನ್ವಿ ತಲುಪಿದೆವು.

ಮಾನ್ವಿಯ ಗ್ಯಾರೇಜಿನವರು ಬಾನೆಟ್ ತೆರೆದು ನನಗೆ ಆಕ್ಸಿಲರೇಟರ್ ಒತ್ತಲು ಹೇಳಿದರು. ಬುಸ್ಸೆಂದು ಸದ್ದು ಬಂತು.

"ಟರ್ಬೊ ಪೈಪ್ ಹರದದ್ರಿ. ಗಾಳಿ ಎಲ್ಲಾ ಹೊರಗ ಹೊಂಟದ, ಇಂಜಿನ್‌ಗೆ ದಮ್ ಎಲ್ಲಿಂದ ಬರಬೇಕ್ರಿ?"

ಅಷ್ಟರಲ್ಲಿ ಮೈದುನನ ಫೋನು ಬಂತು. ಇವರು ನನ್ನೆದುರೇ ಅವನಿಗೆ ಹೇಳಿದರು: "ಗಾಡ್ಯಾಗ ಏನೋ ಅದ ಅಂತ ನಾ ಮೊದಲೇ ಅಂದಿದ್ದೆ ಲೇ. ನನ್ನ ಮಾತು ಮನ್ಯಾಗ ಯಾರು ಕೇಳ್ತಾರ?"

ಬಸ್ಸು ಕೊಟ್ಟ ಆಘಾತದಿಂದ ಚೇತರಿಸಿಕೊಂಡಿದ್ದೇನೆ. ಈ ಮಾತು ಕೊಟ್ಟ ಆಘಾತದಿಂದ ಇನ್ನೂ ಇಲ್ಲ.