ಸಪ್ಪಳವಿಲ್ಲದ ಮನೆ

ಚದುರಿದ ವಸತಿ ಎಂದರೇನು ಎಂದು ಜಮಖಂಡಿಯ ಕಾಲೇಜಿನಲ್ಲಿ ಪ್ರತಿ ವರ್ಷ ಭೂಗೋಳದ ಪಾಠ ಮಾಡುತ್ತೇನೆ. ರೈತರು ಊರೊಳಗೆ ಗುಂಪಾಗಿ ಇರದೆ, ತಮ್ಮ ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡು ದೂರ ದೂರ ಇರುವುದು. ಹಲಗೆಯ ಮೇಲೆ ಚುಕ್ಕಿ ಇಟ್ಟು ತೋರಿಸುತ್ತೇನೆ. ಅಂಥ ಒಂದು ಚುಕ್ಕಿಗೆ ಸೊಸೆಯಾಗಿ ಬಂದವಳು ನಾನು ಎಂದು ಮಾತ್ರ ಮಕ್ಕಳಿಗೆ ಹೇಳುವುದಿಲ್ಲ. ಹುನ್ನೂರಿನ ತೋಟದ ಮನೆ. ಸುತ್ತ ಕಬ್ಬು. ಪಕ್ಕದ ಮನೆಯವರನ್ನು ಕರೆಯಬೇಕಾದರೂ ಫೋನು ಮಾಡಬೇಕು.

ಹುಟ್ಟಿ ಬೆಳೆದದ್ದು ಬನಹಟ್ಟಿಯ ನೇಕಾರರ ಓಣಿಯಲ್ಲಿ. ಮುಂದಿನ ಖೋಲಿಯಲ್ಲಿ ಪವರ್‌ಲೂಮ್ ಮಗ್ಗಗಳು, ಹಿಂದಿನ ಖೋಲಿಯಲ್ಲಿ ನಾವು. ಆ ಸಪ್ಪಳದಲ್ಲೇ ಉಂಡೆವು, ಓದಿದೆವು, ಮಲಗಿದೆವು. ನಮ್ಮಲ್ಲಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು. ಹುನ್ನೂರಿಗೆ ಬಂದ ಹೊಸದರಲ್ಲಿ ನಾನು ಉಪ್ಪು ಕೇಳಿದರೂ, ಸೊಸೆಗೆ ಸಿಟ್ಟು ಬಂದಿದೆಯೆಂದು ಅತ್ತೆ ಗಾಬರಿಯಾಗುತ್ತಿದ್ದರು.

ನಮ್ಮ ಓಣಿಯಲ್ಲಿ ಮಗ್ಗ ನಿಲ್ಲುತ್ತಿದ್ದುದು ಮೂರೇ ಕಾರಣಕ್ಕೆ: ಕರೆಂಟ್ ಹೋದರೆ, ಅಮಾವಾಸ್ಯೆ ಬಂದರೆ, ಯಾರಾದರೂ ತೀರಿಕೊಂಡರೆ. ಹಾಗಾಗಿ ಸದ್ದಿಲ್ಲದಿರುವುದು ನನಗೆ ಶಾಂತಿಯಲ್ಲ, ಏನೋ ಆಗಿದೆ ಎಂಬ ಸುದ್ದಿ. ತೋಟದ ಮನೆಯಲ್ಲಿ ಕಣ್ಣು ಮುಚ್ಚಿದರೆ ದಿಗ್ಗನೆ ಎದ್ದು ಕೂರುತ್ತಿದ್ದೆ. ಅಂಗಳಕ್ಕೂ ಒಳಕ್ಕೂ ಸುಮ್ಮನೆ ತಿರುಗುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಿದ್ದಾಳೆ ಎಂದು ಅತ್ತೆ ನಗುತ್ತಿದ್ದರು.

ಹೋದ ವರ್ಷ ಹಳೆಯ ಮನೆ ಕೆಡವಿ ತೋಟದಲ್ಲೇ ದೊಡ್ಡದು ಕಟ್ಟಿಸುವ ಮಾತು ಬಂತು. ಬುನಾದಿ ಬಿತ್ತೆಂದರೆ ಮುಗಿಯಿತು, ಜೀವ ಇರುವತನಕ ನಾನು ಅಲ್ಲೇ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ತವರಿನ ಮಾಳಿಗೆಯ ಮೇಲೆ ಒಂದು ಖೋಲಿ ಖಾಲಿ ಇದೆ, ಬನಹಟ್ಟಿಯಲ್ಲೇ ಇರೋಣ, ನೀವು ಬೈಕಿನಲ್ಲಿ ತೋಟಕ್ಕೆ ಹೋಗಿಬನ್ನಿ ಎಂದು ಗಂಡನಿಗೆ ದುಂಬಾಲು ಬಿದ್ದೆ. ವಲಸೆಗೆ ನೂಕುವ ಅಂಶಗಳು, ಸೆಳೆಯುವ ಅಂಶಗಳು ಎಂದು ಪಾಠವನ್ನೇ ಒಪ್ಪಿಸಿದೆ. ಅವರು ಸಾಕಾಗಿ ಹೂಂ ಎಂದರು. ಅತ್ತೆ ವಾದಕ್ಕೆ ಇಳಿಯಲಿಲ್ಲ.

"ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನು?" ಎಂದು ಒಂದೇ ಮಾತು ಹೇಳಿ, ನನ್ನ ತೀರ್ಮಾನ ತಿಳಿಯುವ ತನಕ ಮನೆ ಕಟ್ಟುವ ಗೌಂಡಿಗೆ ಬರಬೇಡವೆಂದು ಹೇಳಿ ಕಳಿಸಿದರು.

ಅದೇ ವಾರ, ಕಾಲೇಜಿನ ಬಿಡುವಿನಲ್ಲಿ, ಮೇಲಿನ ಖೋಲಿ ಗುಡಿಸಿಡು ಎನ್ನಲು ಅವ್ವನಿಗೆ ಫೋನು ಮಾಡಿದೆ. ಆಮೇಲೆ ಮಾಡು ಎಂದವಳೇ ಇಟ್ಟುಬಿಟ್ಟಳು. ಅವಳ ಹಿಂದೆ ಮಗ್ಗದ ಸಪ್ಪಳವಿರಲಿಲ್ಲ. ಫ್ಯಾನು ಕಿರುಗುಟ್ಟುತ್ತಿತ್ತು, ಅಂದರೆ ಕರೆಂಟ್ ಇದೆ. ಅಮಾವಾಸ್ಯೆ ಇನ್ನೂ ದೂರ. ಅಪ್ಪನಿಗೆ ಉಸಿರಿನ ತೊಂದರೆ ಮೊದಲಿನಿಂದಲೂ ಇತ್ತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಬನಹಟ್ಟಿಯ ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಹೋದೆ. ಆಟೋದಿಂದ ಇಳಿದು ಓಣಿಯಲ್ಲಿ ಓಡಿದೆ. ಅಪ್ಪ ಕಟ್ಟೆಯ ಮೇಲೆ ಕೂತು ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದ. ಇಷ್ಟು ಹೊತ್ತಿನಲ್ಲಿ ಯಾಕೆ ಬಂದೆ, ಕಾಲೇಜಿಗೆ ಸೂಟಿಯೇನು ಎಂದು ಕೇಳಿದ. ನನಗೆ ಅಳುವೇ ಬಂತು.

ಒಳಗೆ ಮುಂದಿನ ಖೋಲಿ ಬಯಲಾಗಿತ್ತು. ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು, ಎಣ್ಣೆಯ ಕರಿ ಕಲೆ, ಮೂಲೆಯಲ್ಲಿ ನೂಲಿನ ಕಸ. ಓಣಿಯವರು ಒಬ್ಬೊಬ್ಬರಾಗಿ ಊರ ಹೊರಗಿನ ಶೆಡ್ಡುಗಳಿಗೆ ಮಗ್ಗ ಸಾಗಿಸಿದ್ದು ನನಗೆ ಗೊತ್ತಿತ್ತು. ನಮ್ಮವೂ ಹೋಗುತ್ತವೆಂದು ಮಾತ್ರ ಹೊಳೆದೇ ಇರಲಿಲ್ಲ. ಅಪ್ಪನ ಎದೆಗೆ ಧೂಳು ಆಗಿಬರದೆಂದು ಡಾಕ್ಟರು ಹೇಳಿದ್ದರಿಂದ ಅಣ್ಣ ಟೆಂಪೊ ತರಿಸಿ ಒಯ್ದಿದ್ದ. ನಾನು ಫೋನು ಮಾಡಿದಾಗ ಕೊನೆಯ ಮಗ್ಗ ಟೆಂಪೊ ಏರುತ್ತಿತ್ತಂತೆ. ಅವರು ಮಾಡಿದ್ದು ಸರಿಯೇ. ಆದರೂ ಸಿಟ್ಟು ಬಂತು. ನನ್ನನ್ನು ಕೇಳದೆ ನನ್ನ ಊರನ್ನೇ ಎತ್ತಿಕೊಂಡು ಹೋಗಿದ್ದರು.

"ಮ್ಯಾಲಿನ ಖೋಲಿ ನಿಂದ ಐತಿ, ಬಾ," ಎಂದಳು ಅವ್ವ. "ಆದ್ರ ಈ ಮನ್ಯಾಗ ಇನ್ನ ನನಗ ನಿದ್ದಿ ಹತ್ತೂದಿಲ್ಲ ನೋಡು."

ಅದನ್ನೂ ಅವಳು ಕೂಗಿಯೇ ಹೇಳಿದ್ದಳು. ನಾನೂ ಕೂಗಿಯೇ ಸಮಾಧಾನ ಮಾಡಿದೆ. ಖಾಲಿ ಖೋಲಿ ನಮ್ಮ ದನಿಯನ್ನು ನಮಗೇ ತಿರುಗಿಸಿ ಕೊಟ್ಟಿತು. ದಾರಿಯಲ್ಲಿ ಹೋಗುತ್ತಿದ್ದವಳೊಬ್ಬಳು ತಾಯಿ ಮಗಳ ಜಗಳವೆಂದುಕೊಂಡು ಇಣುಕಿ ಹೋದಳು.

ಸ್ಥಾನ ಬೇರೆ, ಸ್ಥಳ ಬೇರೆ ಎಂದು ಪಾಠದಲ್ಲಿ ಬರುತ್ತದೆ. ಅಕ್ಷಾಂಶ ರೇಖಾಂಶದಿಂದ ಗುರುತಿಸುವುದು ಸ್ಥಾನ. ಜನ ಬಾಳಿ ಬಳಸಿ ತಮ್ಮದೆಂದುಕೊಂಡದ್ದು ಸ್ಥಳ. ತವರುಮನೆಯ ಸ್ಥಾನ ಇದ್ದಲ್ಲೇ ಇತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತ, ಬಂದ ದಾರಿಯನ್ನೂ ನೋಡಲಾರದೆ, ಹೋಗುವ ದಾರಿಯನ್ನೂ ನೋಡಲಾರದೆ ಚಡಪಡಿಸಿದೆ.

ಸಂಜೆ ಹುನ್ನೂರು ಮುಟ್ಟಿದಾಗ ಅತ್ತೆ ಬಾವಿಯ ಹತ್ತಿರ ಕಬ್ಬಿಗೆ ನೀರು ಹಾಯಿಸುತ್ತಿದ್ದರು. ಹಳೆಯ ಮನೆಗೆ ಕೇಳಿಸದಷ್ಟು ದೂರದ ಬಾವಿಯ ಮೋಟಾರು ಒಂದೇ ಸಮನೆ ಒದರುತ್ತಿತ್ತು; ಕರೆಂಟ್ ಇದ್ದರೆ ರಾತ್ರಿಯೂ ಓಡುತ್ತದೆ. ಮಗ್ಗದ ಸಪ್ಪಳ ಅದಕ್ಕೆಲ್ಲಿಂದ ಬರಬೇಕು. ಆದರೂ ನಿಂತೆ, ನಿಂತಷ್ಟೂ ಹೊತ್ತು ಮೈ ಹಗುರವಾಯಿತು.

"ಮನಿ ಇಲ್ಲೇ ಕಟ್ಟಸ್ರಿ ಅತ್ತಿ. ಮಲಗೂ ಖೋಲಿ ಈ ಬಾವಿ ಬಾಜೂಕ ಬರ್ಲಿ. ನಮ್ಮವ್ವ ಬಂದಾಗ ಆಕೀಗೂ ಜಾಗಾ ಬೇಕು."

"ಈ ಸಪ್ಪಳದಾಗ ಯಾರಿಗರೆ ನಿದ್ದಿ ಬರ್ತೈತೇನವಾ?" ಎಂದು ಅತ್ತೆ ಕೇಳಿದರು. ಮೋಟಾರಿನ ಸದ್ದಿಗೆ ಅವರೂ ಕೂಗಿಯೇ ಕೇಳಿದ್ದರು.